ಊಟ ಸೇರಿಲ್ಲದ ರೂಮು

ಗೆಳತಿಯ ಗಂಡ ನಿವೃತ್ತರಾದ ಮೇಲೆ ನಾವು ನಾಲ್ವರೂ ಎಲ್ಲಿಗಾದರೂ ಹೋಗಿ ಎರಡು ದಿನ ಇದ್ದು ಬರಬೇಕೆಂದು ಹಟ ಹಿಡಿದವಳು ಅವಳೇ. ನಾಲ್ವರು ಎಂದರೆ ಅವರಿಬ್ಬರು, ನಾನು ಮತ್ತು ನಮ್ಮ ಯಜಮಾನರು. ಮೈಸೂರು ದಾಟಿ ಇನ್ನೂ ಒಂದೂವರೆ ಗಂಟೆ ಹೋದರೆ ಹಿನ್ನೀರಿನ ದಡದಲ್ಲಿ ಒಂದು ರೆಸಾರ್ಟ್ ಇದೆ, ಬೆಳಿಗ್ಗೆ ಎದ್ದರೆ ನೀರಿನ ಮೇಲೆ ಮಂಜು ನಿಂತಿರುತ್ತದೆ ಎಂದು ಫೋನಿಗೆ ಫೋಟೊ ಕಳಿಸಿದಳು. ನಾನು ತಕ್ಷಣ ಒಪ್ಪಿದೆ. ಕಾಯಿಲೆ ಬಿದ್ದು ಎದ್ದ ಮೂರು ವರ್ಷಗಳಲ್ಲಿ ಹೊಸಹಳ್ಳಿಯ ನಮ್ಮ ಮನೆಯಿಂದ ಫಿಸಿಯೋಥೆರಪಿಗೆ, ಅಲ್ಲಿಂದ ಮನೆಗೆ ಓಡಾಡಿದ್ದು ಬಿಟ್ಟರೆ ನಾನು ಹೇಳಿಕೊಳ್ಳುವಂಥ ಪ್ರಯಾಣವನ್ನೇ ಮಾಡಿರಲಿಲ್ಲ.

ನಮ್ಮಿಬ್ಬರ ಸ್ನೇಹ ಶುರುವಾದದ್ದು ವಿಜಯನಗರದ ಒಂದು ಶಾಲೆಯ ಗೇಟಿನ ಮುಂದೆ. ಎರಡೂ ಮನೆಯ ಮಕ್ಕಳು ಒಂದೇ ಕ್ಲಾಸಿನಲ್ಲಿದ್ದರು. ನಾನು ದಾವಣಗೆರೆ ಕಡೆಯವಳು, ಅವಳು ಮಂಡ್ಯದವಳು. ಜೋಳದ ರೊಟ್ಟಿ ತಟ್ಟುವುದನ್ನು ನಾನು ಅವಳಿಗೆ ಕಲಿಸಿದೆ. ಮುದ್ದೆಯನ್ನು ಗಂಟಾಗದಂತೆ ತಿರುವುವುದನ್ನು ಅವಳು ನನಗೆ ಕಲಿಸಿದಳು. ಮಕ್ಕಳು ಒಳಗೆ ಹೋದ ಮೇಲೆ ಎದುರಿನ ದರ್ಶಿನಿಯಲ್ಲಿ ಒಂದೇ ಒಂದು ಮಸಾಲೆ ದೋಸೆ ತೆಗೆದುಕೊಂಡು, ಒಂದೇ ತಟ್ಟೆಯಲ್ಲಿ ಅವಳು ಆ ಕಡೆಯಿಂದ ನಾನು ಈ ಕಡೆಯಿಂದ ಮುರಿಯುತ್ತ ಬರುತ್ತಿದ್ದೆವು. ನಡುವಿನ ಪಲ್ಯವನ್ನು ಯಾರು ಮೊದಲು ಮುಟ್ಟುತ್ತಾರೆ ಎನ್ನುವುದೇ ಪಂದ್ಯ. ಆಮೇಲೆ ಅವರು ರಾಜರಾಜೇಶ್ವರಿನಗರದಲ್ಲಿ ಫ್ಲಾಟ್ ತೆಗೆದುಕೊಂಡು ಹೋದರು. ಮೆಟ್ರೊ ಬಂದ ಮೇಲೆ ಅದೂ ದೂರವೆನಿಸಲಿಲ್ಲ.

ನನಗೆ ಲಕ್ವ ಹೊಡೆದದ್ದು ಬಲಭಾಗಕ್ಕೆ. ಮಾತು ಆರು ತಿಂಗಳಲ್ಲಿ ಮರಳಿತು. ಕಾಲು ಕೋಲಿನ ಆಸರೆಯಲ್ಲಿ ನಡೆಯಲು ಕಲಿತಿತು. ಬಲಗೈ ಮತ್ತು ಬಾಯಿಯ ಬಲಮೂಲೆ ಮಾತ್ರ ವಾಪಸು ಬರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತೇನೆ. ತುತ್ತು ಬಲಗಡೆಗೆ ಸರಿದರೆ ನನಗೆ ತಿಳಿಯುವುದಿಲ್ಲ. ಸಾರು ತುಟಿಯಂಚಿನಿಂದ ಇಳಿದು ಗದ್ದಕ್ಕೆ ಬಂದರೂ ತಿಳಿಯುವುದಿಲ್ಲ. ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕು. ಮೊದಮೊದಲು ಗೆಳತಿ ಎದುರಿಗೆ ಕೂತು ತನ್ನ ತುಟಿಯ ಮೂಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದಳು. ನಾನು ಒರೆಸಿಕೊಳ್ಳುತ್ತಿದ್ದೆ. ಯಾರಿಗೂ ಕಾಣದ ಆ ಸನ್ನೆ ನನಗೆ ಎಷ್ಟು ಧೈರ್ಯ ಕೊಟ್ಟಿತ್ತೆಂದರೆ, ಅವಳು ಎದುರಿಗಿದ್ದರೆ ಮದುವೆಮನೆಯ ಪಂಕ್ತಿಯಲ್ಲೂ ಕೂರುತ್ತಿದ್ದೆ. ಆ ಸನ್ನೆ ಯಾವಾಗ ನಿಂತಿತೋ ನೆನಪಿಲ್ಲ. ನಿಂತದ್ದನ್ನು ಗಮನಿಸಲೂ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ನಮ್ಮ ಮನೆಗೆ ಬಂದರು. ರೂಮು ಬುಕ್ ಮಾಡುವುದಿತ್ತು. ಅವಳ ಗಂಡ ಫೋನಿನಲ್ಲಿ ರೆಸಾರ್ಟಿನ ಪುಟ ತೆರೆದು ಓದಿದರು. ರೂಮು ಮಾತ್ರ ಒಂದು ರೇಟು, ಬೆಳಗಿನ ತಿಂಡಿ ಸೇರಿದರೆ ಇನ್ನೊಂದು, ಮೂರೂ ಹೊತ್ತಿನ ಊಟ ಸೇರಿದರೆ ಮತ್ತೊಂದು. ಊಟದ ದುಡ್ಡನ್ನು ಈಗಲೇ ಕಟ್ಟಬೇಕು. ಆಮೇಲೆ ತಿನ್ನಲಿ ಬಿಡಲಿ, ವಾಪಸು ಬರುವುದಿಲ್ಲ.

"ಮೂರು ಹೊತ್ತಿಂದೇ ತಗೊಂಬಿಡೋಣ," ಎಂದೆ ನಾನು. "ಊಟದ್ ಯೋಚ್ನೆನೇ ಇರಲ್ಲ. ನಾಲ್ಕೂ ಜನ ಒಟ್ಟಿಗೆ ಕೂತು ತಿನ್ಬೋದು."

"ಅಯ್ಯೋ, ಸುಮ್ನೆ ಯಾಕೆ?" ಎಂದಳು ಅವಳು. "ಬಫೆ ಅಂದ್ರೆ ಇಪ್ಪತ್ತು ಐಟಂ ಇಟ್ಟಿರ್ತಾರೆ. ನೀನು ತಿನ್ನೋದೆಷ್ಟು ಹೇಳು? ಎರಡು ಇಡ್ಲಿ, ಒಂದ್ ಬಟ್ಲು ಮೊಸರನ್ನ. ಅಷ್ಟಕ್ಕೆ ಪೂರ್ತಿ ದುಡ್ಡು ಕೊಡ್ತೀಯಾ? ಅದರ ಬದ್ಲು ಬೇಕಾದಾಗ ರೂಮ್‌ಗೇ ತರಿಸ್ಕೊ. ನಿನ್ ಪಾಡಿಗೆ ನೀನು ಆರಾಮಾಗಿ ತಿನ್ನು. ಟೈಮ್ ಆಯ್ತು, ಎತ್ತಿಡ್ತೀವಿ ಅಂತ ಯಾರೂ ಬಂದು ತಲೆ ಮೇಲೆ ನಿಂತ್ಕೊಳಲ್ಲ."

"ಮತ್ತೆ ನೀವು?"

"ನಾವೂ ತಗೊಳಲ್ಲ ಕಣೇ. ಇವ್ರಿಗೆ ಶುಗರ್ರು. ಬಫೆ ನೋಡಿದ್ರೆ ಕೈ ಹಿಡ್ತದಲ್ಲಿ ಇರಲ್ಲ."

ಅವಳ ಗಂಡ ನಕ್ಕರು. ನಾನು ನಮ್ಮ ಯಜಮಾನರ ಕಡೆ ತಿರುಗಿ, "ನಿಮಗೇನನ್ಸುತ್ತೆ?" ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅವ್ರು ಹೇಳ್ತಿರೋದು ಸರಿಯಾಗೇ ಇದೆಯಲ್ಲ," ಎಂದರು.

ಸರಿಯಾಗಿಯೇ ಇತ್ತು. ಅವರು ಹೋದ ಮೇಲೆ ನಾನೇ ಇನ್ನೊಂದು ಸಲ ಯೋಚಿಸಿದೆ. ಅವಳ ಮಾತಿನಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಅಷ್ಟೇ ಅಲ್ಲ, ಗಂಡನ ಆರೋಗ್ಯ ನೋಡುತ್ತ, ನನ್ನ ನಿಧಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಷ್ಟು ದೂರ ಯೋಚಿಸಿದ್ದಾಳಲ್ಲ ಎಂದು ಮನಸ್ಸು ತುಂಬಿ ಬಂತು. ಆದರೂ ಒಳಗೊಳಗೇ ಒಂದು ಆಸೆ ಮುರಿದಿತ್ತು. ನಾನು ಯಾರಿಗೂ ಹೇಳದ ಸಂಗತಿಯೊಂದಿತ್ತು. ಎರಡು ತಿಂಗಳಿಂದ, ಯಜಮಾನರು ತರಕಾರಿಗೆ ಹೋದ ಹೊತ್ತು ನೋಡಿ, ಊಟದ ಮೇಜಿನ ಮೇಲೆ ಸಣ್ಣ ಕನ್ನಡಿ ಇಟ್ಟುಕೊಂಡು ತಿನ್ನುವುದನ್ನು ಅಭ್ಯಾಸ ಮಾಡುತ್ತಿದ್ದೆ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಬೇಕು, ತುತ್ತು ಚಿಕ್ಕದಿರಬೇಕು, ಎರಡು ತುತ್ತಿಗೊಮ್ಮೆ ಒರೆಸಿಕೊಳ್ಳಬೇಕು. ಅಷ್ಟು ಮಾಡಿದರೆ ಮುಕ್ಕಾಲು ಪಾಲು ಚೆಲ್ಲುತ್ತಿರಲಿಲ್ಲ. ರೆಸಾರ್ಟಿನ ಮೇಜಿನಲ್ಲಿ ಎದುರು ಕೂತು ಅವಳಿಗೆ ಅದನ್ನು ತೋರಿಸಬೇಕೆಂದಿದ್ದೆ. ಹೋಗಲಿ, ರೂಮಿನಲ್ಲೇ ತೋರಿಸಿದರಾಯಿತು ಎಂದುಕೊಂಡೆ. ಊಟ ಸೇರಿಲ್ಲದ ಎರಡು ರೂಮು ಬುಕ್ ಮಾಡಲು ಒಪ್ಪಿದೆ.

ಹೊರಡುವ ಹಿಂದಿನ ದಿನ ಚಪಾತಿ ಮಾಡಿದೆವು. ನಾನು ಎಡಗೈಯಲ್ಲಿ ಹಿಟ್ಟು ಕಲಸಿದೆ, ಯಜಮಾನರು ಲಟ್ಟಿಸಿ ಬೇಯಿಸಿದರು. ಜೊತೆಗೆ ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ. ಇಪ್ಪತ್ತನೆಯ ಚಪಾತಿಯ ಹೊತ್ತಿಗೆ ಅವರು, "ಇಷ್ಟೊಂದು ಯಾಕೆ?" ಎಂದರು.

"ನಾಲ್ಕು ಜನ ಅಲ್ವಾ?"

ಅವರು ಮುಂದಿನ ಉಂಡೆಯನ್ನು ಎತ್ತಿಕೊಂಡರು.

ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ ರಾಜರಾಜೇಶ್ವರಿನಗರದಲ್ಲಿ ಇಳಿದೆವು. ಅಲ್ಲಿಂದ ಅವರ ಕಾರು. ಕೆಂಗೇರಿಯ ಟ್ರಾಫಿಕ್ಕು ಕಳೆದ ಮೇಲೆ ರಸ್ತೆ ಬಿಡುವಾಯಿತು, ಮಾತೂ ಬಿಚ್ಚಿಕೊಂಡಿತು. ಬಿಡದಿಯ ಆಚೆ ತಿಂಡಿಗೆ ನಿಲ್ಲಿಸಿದಾಗ ಅವಳು ಗಬಗಬನೆ ಎರಡು ಇಡ್ಲಿ ಮುಗಿಸಿ, "ಫೋನ್ ಕಾರಲ್ಲೇ ಬಿಟ್ಟಿದೀನಿ, ತಗೊಂಡ್ ಬರ್ತೀನಿ," ಎಂದು ಎದ್ದು ಹೋದವಳು ತಿರುಗಿ ಬರಲಿಲ್ಲ. ನಾವು ಹೋದಾಗ ಕಾರಿನ ಪಕ್ಕ ನಿಂತು ಮಗಳ ಜೊತೆ ಮಾತಾಡುತ್ತಿದ್ದಳು. ನನಗೆ ಏನೂ ಅನ್ನಿಸಲಿಲ್ಲ.

ರೆಸಾರ್ಟಿನಲ್ಲಿ ಗಂಡಸರು ಕೌಂಟರಿನ ಕೆಲಸ ನೋಡಿದರು. ನಾನು ರೂಮಿಗೆ ಹೋದ ಕೂಡಲೇ ಟೀಪಾಯಿಯ ಮೇಲೆ ಪೇಪರ್ ಹಾಸಿ ನಾಲ್ಕು ಪ್ಲೇಟು ಇಟ್ಟು, ಅವರ ರೂಮಿಗೆ ಫೋನ್ ಮಾಡಿದೆ. "ತಲೆನೋವು ಕಣೇ. ಸ್ವಲ್ಪ ಮಲಗ್ತೀನಿ. ನೀವು ತಿನ್ನಿ," ಎಂದಳು. ಇಬ್ಬರೇ ತಿಂದೆವು. ಸಂಜೆ ಅವಳು ಲವಲವಿಕೆಯಿಂದ ಬಂದು ನನ್ನ ಎಡತೋಳು ಹಿಡಿದುಕೊಂಡು ದಡದುದ್ದಕ್ಕೂ ನಡೆಸಿದಳು. ನೀರಿನಲ್ಲಿ ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಮೂವತ್ತು ವರ್ಷದ ಹಿಂದಿನ ಕತೆಗಳನ್ನೆಲ್ಲ ತೆಗೆದು ನಗಿಸಿದಳು. ಆ ಒಂದು ಗಂಟೆ ನಿಜವಾದದ್ದು ಎಂದು ನಾನು ಈಗಲೂ ನಂಬುತ್ತೇನೆ. ರಾತ್ರಿ ಊಟದ ಮಾತು ಬಂದಾಗ, "ನಾವು ಹಣ್ಣು ಅಷ್ಟೇ ತಿನ್ನೋದು," ಎಂದು ರೂಮಿಗೆ ಹೋದಳು. ನಾವು ಮತ್ತೆ ಅದೇ ಚಪಾತಿ ತಿಂದೆವು.

ಮರುದಿನ ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋದಾಗ ನಾನು ಕೋಲು ಹಿಡಿದು ಮಂಜು ನೋಡಲು ಹೊರಟೆ. ದಾರಿ ಊಟದ ಹಾಲಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಕಾಫಿಯ ವಾಸನೆ ಬಂತು. ಒಂದು ಲೋಟ ಸಿಗುತ್ತದೇನೋ ಕೇಳೋಣವೆಂದು ಬಾಗಿಲಿಗೆ ಹೋದೆ. ಅಲ್ಲಿ ಒಂದು ಸಣ್ಣ ಮೇಜಿನ ಹಿಂದೆ ರಿಜಿಸ್ಟರ್ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು.

"ಗುಡ್ ಮಾರ್ನಿಂಗ್ ಮೇಡಂ. ರೂಮ್ ನಂಬರ್?"

ಹೇಳಿದೆ. ಅವಳು ಬೆರಳು ಓಡಿಸಿದಳು. "ನಿಮ್ದು ಊಟ ಸೇರಿಲ್ಲ ಮೇಡಂ. ಬೇಕಿದ್ರೆ ಈ ಹೊತ್ತಿಗೆ ಮಾತ್ರ ಬಿಲ್ ಮಾಡ್ತೀನಿ."

ಅವಳ ಭುಜದ ಆಚೆ, ದೊಡ್ಡ ಕಿಟಕಿಯ ಪಕ್ಕದ ಮೇಜಿನಲ್ಲಿ, ನನ್ನ ಗೆಳತಿ ಕೂತಿದ್ದಳು. ಎದುರಿಗೆ ಅವಳ ಗಂಡ. ನಡುವೆ ದೋಸೆ, ಕಲ್ಲಂಗಡಿ ಹೋಳು, ಎರಡು ಲೋಟ ಜ್ಯೂಸು. ಅವಳು ಏನೋ ಹೇಳಿದಳು, ಅವರು ನಕ್ಕರು.

"ಅವ್ರೂ ಈಗ ಬಿಲ್ ಮಾಡಿಸ್ಕೊಂಡು ಹೋದ್ರಾ?" ಎಂದು ಕೇಳಿದೆ.

"ಯಾರು, ಆ ಟೇಬಲ್ಲಾ? ಇಲ್ಲ ಮೇಡಂ, ಅವ್ರದ್ದು ಮೂರು ಹೊತ್ತಿಂದೂ ಇದೆ. ನಿನ್ನೆ ಮಧ್ಯಾಹ್ನದಿಂದ ಬರ್ತಿದಾರಲ್ಲ. ಕಿಟಕಿ ಪಕ್ಕನೇ ಬೇಕು ಅಂತ ಹೇಳಿ ಹಾಕಿಸ್ಕೊಂಡಿದಾರೆ."

ಅವಳು ಸಹಜವಾಗಿ ಹೇಳಿದಳು. ನಾನು ಅಲ್ಲಿಂದಲೇ ತಿರುಗಿ ಹೋಗಿಬಿಡಬಹುದಿತ್ತು. ಹೋಗಿದ್ದರೆ ಬಹುಶಃ ಇವತ್ತಿಗೂ ನಾವು ಮೊದಲಿನ ಹಾಗೇ ಇರುತ್ತಿದ್ದೆವು, ನಾನೊಬ್ಬಳು ಒಳಗೇ ನುಂಗಿಕೊಂಡು. ಆದರೆ ಕಾಲು ಒಪ್ಪಲಿಲ್ಲ. "ರೂಮಿನ ಬಿಲ್‌ಗೆ ಸೇರಿಸಿ," ಎಂದು ಹೇಳಿ ಒಳಗೆ ನಡೆದೆ.

ನನ್ನ ಕೋಲಿನ ಸದ್ದಿಗೆ ಅವಳು ತಲೆ ಎತ್ತಿದಳು. ಬಾಯಲ್ಲಿದ್ದ ತುತ್ತನ್ನು ಅಗಿಯುವುದು ನಿಂತಿತು. ಅವಳ ಗಂಡ ಗಡಬಡಿಸಿ ಎದ್ದು, "ಬನ್ನಿ ಸಿಸ್ಟರ್, ಕೂತ್ಕೊಳಿ, ಕೂತ್ಕೊಳಿ," ಎಂದು ಕುರ್ಚಿ ಎಳೆದರು. ಕೋಲು ಹಿಡಿದವಳು ತಟ್ಟೆ ಹಿಡಿಯಲಾರಳು ಎಂದು ಅವರಿಗೇ ಹೊಳೆದು, ಹೋಗಿ ಇಡ್ಲಿ, ಸಾಂಬಾರು, ಕೇಸರಿಬಾತು ತಂದಿಟ್ಟರು. ಆಮೇಲೆ, "ನಾನೊಂದ್ ರೌಂಡ್ ವಾಕ್ ಹೋಗ್ಬರ್ತೀನಿ," ಎಂದು ತಮ್ಮ ದೋಸೆಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದರು.

ನಾನು ಚಮಚ ಎತ್ತಿಕೊಂಡೆ. "ತಲೆನೋವು ಹೋಯ್ತಾ?" ಎಂದು ಕೇಳಿದೆ.

"ಬೈಯಿ ಕಣೇ. ಬೈದ್ಬಿಡು."

"ಬೈಯಲ್ಲ. ಯಾಕೆ ಅಂತ ಹೇಳು, ಸಾಕು."

ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಾನು ತಿನ್ನುತ್ತಿದ್ದೆ. ಕನ್ನಡಿಯ ಮುಂದೆ ಕಲಿತದ್ದೆಲ್ಲ ಕೈಕೊಟ್ಟಿತ್ತು. ಸಿಟ್ಟಿನಲ್ಲಿ ತುತ್ತು ದೊಡ್ಡದಾಗುತ್ತಿತ್ತು, ಒರೆಸಿಕೊಳ್ಳುವುದು ಮರೆಯುತ್ತಿತ್ತು. ಸಾಂಬಾರಿನ ಹನಿಗಳು ಸೆರಗಿನ ಮೇಲೆ ಬಿದ್ದದ್ದು ಕಂಡಾಗಷ್ಟೇ ಗದ್ದದ ಮೇಲೂ ಇರಬೇಕೆಂದು ಗೊತ್ತಾಯಿತು. ಒರೆಸಿಕೊಳ್ಳುತ್ತ ಅವಳ ಕಡೆ ನೋಡಿದೆ. ಅವಳು ಕಿಟಕಿಯಾಚೆಯ ನೀರನ್ನು ನೋಡುತ್ತಿದ್ದಳು.

"ನನ್ ಕೈಲಿ ಆಗ್ತಿಲ್ಲ ಕಣೇ," ಎಂದಳು ಕೊನೆಗೆ, ನೀರಿನ ಕಡೆಗೇ. "ನಿನ್ ಎದುರಿಗೆ ಕೂತ್ರೆ ನಂಗೆ ತುತ್ತು ಇಳಿಯಲ್ಲ. ಹೊಟ್ಟೆ ತೊಳ್ಸಿದಂಗಾಗುತ್ತೆ. ನಿನ್ ಜೊತೆ ಮಾತಾಡ್ಬೇಕು, ಓಡಾಡ್ಬೇಕು, ಎಲ್ಲಾ ಬೇಕು ನಂಗೆ. ಇದೊಂದ್ ಮಾತ್ರ... ನಾನ್ ಎಷ್ಟ್ ಸಲ ನನ್ನೇ ಬೈಕೊಂಡಿದೀನಿ ಗೊತ್ತಾ?"

"ಅದನ್ನ ನಂಗೆ ಹೇಳ್ಬೋದಿತ್ತಲ್ಲ."

"ಹೆಂಗ್ ಹೇಳ್ಲಿ ನಿಂಗೆ? ನಿಮ್ ಯಜಮಾನ್ರಿಗೆ ಹೇಳ್ದೆ. ಅವ್ರೇ ಅಂದ್ರು, ಅವಳಿಗೆ ಗೊತ್ತಾಗೋದ್ ಬೇಡ, ದುಡ್ಡು ದಂಡ ಅಂತ ಹೇಳಿ ಒಪ್ಸಿ ಅಂತ."

ನನ್ನ ಸಿಟ್ಟಿನಲ್ಲಿ ಇಷ್ಟು ಹೊತ್ತು ಅವಳೊಬ್ಬಳೇ ಇದ್ದ ಜಾಗದಲ್ಲಿ ಈಗ ಯಜಮಾನರೂ ಬಂದು ನಿಂತರು. ಪೇಪರಿನಿಂದ ಏಳದ ಆ ತಲೆ, ಚಪಾತಿ ಲಟ್ಟಿಸುತ್ತ ಕೇಳಿದ ಆ ಪ್ರಶ್ನೆ, ಎಲ್ಲದರ ಅರ್ಥ ಒಮ್ಮೆಲೇ ತಿಳಿಯಿತು. ಕೌಂಟರಿನಲ್ಲಿ ಒಂದು ರೂಮಿಗೆ ಊಟವಿದೆ, ಒಂದಕ್ಕಿಲ್ಲ ಎಂದು ಹೇಳಿದಾಗಲೂ ಅವರು ಪಕ್ಕದಲ್ಲೇ ನಿಂತಿದ್ದರಲ್ಲ.

ನಾನು ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದೆ, ಕೇಸರಿಬಾತನ್ನೂ. ಮುಕ್ಕಾಲು ಗಂಟೆಗಿಂತ ಹೆಚ್ಚೇ ಹಿಡಿಯಿತು. ಸುತ್ತಲಿನ ಮೇಜುಗಳು ಖಾಲಿಯಾದವು. ಅವಳು ಅಳುತ್ತಿದ್ದಳು, ಆದರೆ ಎದ್ದು ಹೋಗಲಿಲ್ಲ. ಅವಳ ಪರವಾಗಿ ಇಷ್ಟನ್ನು ಹೇಳಲೇಬೇಕು.

ರೂಮಿಗೆ ಬಂದಾಗ ಯಜಮಾನರು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು. "ಎಲ್ಲೋಗಿದ್ದೆ? ತಿಂಡಿ ತರಿಸ್ಲಾ?" ಎಂದರು.

"ಆಯ್ತು. ಅಲ್ಲೇ ತಿಂದೆ, ಅವಳ ಜೊತೆ."

ಬಾಚಣಿಗೆ ಹಿಡಿದ ಕೈ ಕೆಳಗಿಳಿಯಿತು. ಅವರು ಹಾಸಿಗೆಯ ಅಂಚಿಗೆ ಕೂತರು.

"ದುಡ್ಡು ದಂಡ ಅಂತ ಹೇಳಿ ಅಂದಿದ್ದು ನೀವಂತೆ."

"ನಿಂಗೆ ನೋವಾಗ್ಬಾರ್ದು ಅಂತ ಅಷ್ಟೇ," ಎಂದರು. "ಅವ್ರು ಬಂದು ಹಿಂಗಿಂಗೆ ಅಂದಾಗ ನಾನೇನ್ ಮಾಡ್ಲಿ? ಟ್ರಿಪ್ಪೇ ಬೇಡ ಅಂದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ. ಇಷ್ಟು ಆಸೆ ಪಟ್ಟಿದ್ದೆ ಬೇರೆ."

"ನಿಮಗೆ ಹೆಂಗಾಗುತ್ತೆ? ದಿನಾ ನನ್ ಎದುರಿಗೇ ಕೂತು ತಿಂತೀರಲ್ಲ."

"ನಂಗೆ ಅಭ್ಯಾಸ ಆಗೋಗಿದೆ ಬಿಡು," ಎಂದರು.

ಸಮಾಧಾನಕ್ಕೆಂದೇ ಹೇಳಿದ ಮಾತು. ಅವರ ದನಿಯಲ್ಲಿ ಪ್ರೀತಿಯೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೆಳತಿಯ ಮಾತಿಗಿಂತ ಆ ಮಾತೇ ನನ್ನೊಳಗೆ ಹೆಚ್ಚು ಆಳಕ್ಕೆ ಹೋಗಿ ಕೂತಿತು. ಅವಳಿಗೆ ಆಗದೇ ಇದ್ದದ್ದು ಇವರಿಗೆ ಅಭ್ಯಾಸವಾಗಿತ್ತು. ಅಂದರೆ ಇಬ್ಬರಿಗೂ ಕಂಡದ್ದು ಒಂದೇ. ಅವಳು ಬಂದು ಹೇಳಿದ ದಿನ, 'ಹಾಗಾದ್ರೆ ನಾವು ಬರಲ್ಲಮ್ಮ' ಎಂದು ಅವರು ಅಂದಿದ್ದರೆ ಸಾಕಿತ್ತು. ನನಗೆ ಕಾರಣ ಹೇಳದಿದ್ದರೂ ಆಗುತ್ತಿತ್ತು. ಅದರ ಬದಲು ನನ್ನನ್ನು ಹೇಗೆ ಒಪ್ಪಿಸಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಮೂವತ್ತೈದು ವರ್ಷ ಸಂಸಾರ ಮಾಡಿದವರಿಗೆ ದಂಡ ಎಂದರೆ ನಾನು ಹಿಂದೆ ಸರಿಯುತ್ತೇನೆ ಎಂದು ಗೊತ್ತಿರದೆ ಇರುತ್ತದೆಯೇ?

"ಕೌಂಟರ್‌ಗೆ ಹೋಗಿ," ಎಂದೆ. "ಇವತ್ತಿನ್ ಎರಡು ಊಟ, ನಾಳೆ ತಿಂಡಿ, ನಮ್ಮಿಬ್ರಿಗೂ ಸೇರಿಸಿ ಬನ್ನಿ."

"ಇನ್ ಒಂದ್ ದಿನಕ್ಕೆ ಯಾಕೆ ಸುಮ್ನೆ..." ಎಂದವರು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮೂರು ಹೊತ್ತೂ ಹಾಲಿನ ನಟ್ಟನಡುವಿನ ಮೇಜಿನಲ್ಲಿ ಕೂತು ತಿಂದೆ. ಒಂದು ಮಗು ನನ್ನನ್ನೇ ದಿಟ್ಟಿಸಿತು. ಅದರ ತಾಯಿ ಅದರ ಗಲ್ಲ ಹಿಡಿದು ತಟ್ಟೆಯ ಕಡೆ ತಿರುಗಿಸಿದಳು. ಮಿಕ್ಕವರು ತಮ್ಮ ಪಾಡಿಗೆ ತಾವು ತಿಂದರು. ಯಜಮಾನರು ಬೇಗ ಮುಗಿಸಿ, ನನ್ನ ಪಕ್ಕ ಕೂತಿದ್ದರು. ಕಿಟಕಿ ಪಕ್ಕದ ಮೇಜಿಗೆ ಆ ಮಧ್ಯಾಹ್ನ ಬೇರೆ ಯಾರೋ ಬಂದರು. ಗೆಳತಿ ಮತ್ತು ಅವಳ ಗಂಡ ಆಮೇಲೆ ಹಾಲಿಗೆ ಬರಲೇ ಇಲ್ಲ. ತಮ್ಮ ಪಾಲಿನ ಊಟವನ್ನು ರೂಮಿಗೆ ತರಿಸಿಕೊಂಡರಂತೆ.

ಊಟ ಹೇಗಿತ್ತು ಎಂದರೆ, ಏನೂ ವಿಶೇಷವಿರಲಿಲ್ಲ. ಎಲ್ಲದರಲ್ಲೂ ಪನೀರು, ಹುಳಿಯಾದ ಮೊಸರು, ರಬ್ಬರಿನಂಥ ರೊಟ್ಟಿ. ಇಪ್ಪತ್ತು ಬಗೆಯಲ್ಲಿ ನಾನು ಮುಟ್ಟಿದ್ದು ಮೂರೋ ನಾಲ್ಕೋ. ನನ್ನಂತೆ ಸ್ವಲ್ಪ ತಿನ್ನುವವರು ಮುಂಚೆಯೇ ಮೂರೂ ಹೊತ್ತಿಗೆ ದುಡ್ಡು ಕಟ್ಟಬೇಕೇ ಎಂದು ಯಾರಾದರೂ ಕೇಳಿದರೆ ನಾನೂ ಬೇಡವೆಂದೇ ಹೇಳುತ್ತೇನೆ. ಹೊಟ್ಟೆತುಂಬ ತಿನ್ನುವವರಿಗೆ, ಹತ್ತಿರದಲ್ಲಿ ಬೇರೆ ಹೋಟೆಲಿಲ್ಲದ ಕಡೆ, ಅದು ಸರಿ. ಆ ಭಾನುವಾರ ಅವಳು ಕೊಟ್ಟದ್ದು ಒಳ್ಳೆಯ ಸಲಹೆಯೇ. ನನಗೆ ಇಷ್ಟು ಸುಲಭವಾಗಿ ಮೋಸ ಮಾಡಲು ಸಾಧ್ಯವಾದದ್ದೂ ಅದಕ್ಕೇ. ಸುಳ್ಳು ಸಲಹೆಯಾಗಿದ್ದರೆ ನಾನು ಎಲ್ಲಾದರೂ ಎಡವುತ್ತಿದ್ದೆ, ಅನುಮಾನಪಡುತ್ತಿದ್ದೆ.

ಬಂದ ಕಾರಿನಲ್ಲೇ ವಾಪಸು ಹೋಗಬೇಕಿತ್ತು. ನಾಲ್ಕು ಗಂಟೆಯ ದಾರಿ. ಅವಳ ಗಂಡ ಒಬ್ಬರೇ ಹೊಸ ಹೈವೇ, ಟೋಲು, ಲಾರಿಗಳ ಬಗ್ಗೆ ಮಾತಾಡುತ್ತ ಬಂದರು. ತಿಂಡಿಗೆ, ಕಾಫಿಗೆ ಎಲ್ಲೂ ನಿಲ್ಲಿಸಲಿಲ್ಲ. ನಿಲ್ಲಿಸೋಣವೇ ಎಂದು ಯಾರೂ ಕೇಳಲೂ ಇಲ್ಲ. ಮೆಟ್ರೊ ಸ್ಟೇಷನ್ನಿನ ಹತ್ತಿರ ಇಳಿಯುವಾಗ ಅವಳೂ ಇಳಿದು ನನ್ನ ಬ್ಯಾಗು ಎತ್ತಿಕೊಟ್ಟು, "ಫೋನ್ ಮಾಡ್ತೀನಿ," ಎಂದಳು. ನಾನು ತಲೆಯಾಡಿಸಿದೆ.

ಅವಳು ಮಾಡಿದಳು. ಒಂದಲ್ಲ, ಹತ್ತು ಸಲ. ಮೊದಲೆರಡು ಸಲ ಎತ್ತಲಿಲ್ಲ, ಆಮೇಲೆ ಎತ್ತಿದೆ. ಕ್ಷಮಿಸು ಎಂದಳು. ಕ್ಷಮಿಸುವುದಕ್ಕೆ ಏನಿದೆ, ಹೊಟ್ಟೆ ತೊಳೆಸಿದರೆ ಅದು ಯಾರ ಕೈಯಲ್ಲಿದೆ ಎಂದೆ. ನಿಜವಾಗಿಯೂ ಅದು ಅವಳ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ನನ್ನ ಬೆನ್ನ ಹಿಂದೆ ಮೂರು ಜನ ಕೂತು ನನ್ನ ಊಟದ ಬಗ್ಗೆ ತೀರ್ಮಾನ ಮಾಡಿದರಲ್ಲ, ನಾನು ಸಹಿಸಲಾರದ್ದು ಅದನ್ನು. ಅದನ್ನು ಹೇಳಿದೆ. ಅವಳು, "ಗೊತ್ತು," ಎಂದಳು.

ಮನೆಯಲ್ಲಿ ಸ್ವಲ್ಪ ದಿನ ನಾನು ಯಜಮಾನರಿಗೆ ಬಡಿಸಿ, ಆಮೇಲೆ ಒಬ್ಬಳೇ ತಿಂದೆ. ಒಂದು ವಾರ ಕಳೆದ ಮೇಲೆ ಅವರು, "ತಪ್ಪಾಯ್ತು. ಅವ್ರ್ ಹತ್ರ ನಾನು ಹಂಗೆ ಹೇಳ್ಕೊಡ್ಬಾರ್ದಿತ್ತು," ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ತಪ್ಪಾಯ್ತು ಎಂಬ ಮಾತನ್ನು ಕೇಳಿದ್ದು ಅಪರೂಪ. ನನಗೆ ಅದರಿಂದ ಸಂತೋಷವೇನೂ ಆಗಲಿಲ್ಲ. ಮತ್ತೆ ಒಟ್ಟಿಗೆ ಕೂರಲು ಶುರುಮಾಡಿದೆವು. ಆದರೆ ಈಗ ಅವರು ನನ್ನ ಕಡೆ ನೋಡಿದರೂ, ನೋಡದೆ ತಟ್ಟೆಯ ಕಡೆ ತಲೆ ಬಗ್ಗಿಸಿದರೂ, ಎರಡೂ ನನ್ನನ್ನು ಚುಚ್ಚುತ್ತವೆ.

ಕಳೆದ ಶ್ರಾವಣದಲ್ಲಿ ಅವಳು ಲಕ್ಷ್ಮಿ ಪೂಜೆಗೆ ಕರೆದಳು. ಮೊದಲಾದರೆ ಬೆಳಿಗ್ಗೆಯೇ ಹೋಗಿ ಒಬ್ಬಟ್ಟಿಗೆ ಕಣಕ ಕಲಸುವುದರಿಂದ ಹಿಡಿದು ಎಲ್ಲಕ್ಕೂ ನಾನಿರಬೇಕಿತ್ತು. ಈ ಸಲ ಬೇಕೆಂದೇ ಊಟದ ಹೊತ್ತು ಮೀರಿಸಿ ಮೂರು ಗಂಟೆಗೆ ಹೋದೆ. ಎಲೆ ಎತ್ತಿ ನೆಲ ಒರೆಸಿಯಾಗಿತ್ತು. ಅವಳು ನನಗೆ ಅರಿಸಿನ ಕುಂಕುಮ ಕೊಟ್ಟು, ತಲೆಗೆ ಮಲ್ಲಿಗೆ ಮುಡಿಸಿ, ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

"ಊಟ?" ಎಂದಳು.

"ಆಯ್ತು, ಮಾಡ್ಕೊಂಡೇ ಬಂದೆ," ಎಂದೆ.

ಅವಳ ಮುಖ ಹಗುರಾಯಿತು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಒಬ್ಬಟ್ಟು ಕಟ್ಟಿಕೊಟ್ಟಳು. ಅರ್ಧ ಗಂಟೆ ಮಕ್ಕಳ ಸುದ್ದಿ ಮಾತಾಡಿ ಹೊರಟೆ. ಮನೆ ತಲುಪಿದಾಗ ನಾಲ್ಕೂವರೆ. ಊಟ ನಾನೂ ಮಾಡಿರಲಿಲ್ಲ, ಯಜಮಾನರೂ ಇನ್ನೂ ಮಾಡಿರಲಿಲ್ಲ. "ನೀನು ಬರ್ಲಿ ಅಂತ ಕಾಯ್ತಿದ್ದೆ," ಎಂದರು. ಸಾರು ಬಿಸಿಗಿಟ್ಟು ಎರಡು ತಟ್ಟೆ ಹಾಕಿದೆ.